ದೊಡ್ಡಮ್ಮನ ಮಾತ್ರೆ ಡಬ್ಬಿ

ಕಳೆದ ಮಳೆಗಾಲದಲ್ಲಿ ದೊಡ್ಡಮ್ಮನಿಗೆ ಜ್ವರ, ನೆಗಡಿ, ಮೈಕೈ ನೋವು ಒಟ್ಟಿಗೇ ಬಂದಾಗ ಮಾತ್ರೆ ತರುವ ಕೆಲಸ ನನ್ನ ಪಾಲಿಗೆ ಬಂತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾವು ಯಾವಾಗಲೂ ಹೋಗುವ ಔಷಧಿ ಅಂಗಡಿಯನ್ನು ಬಿಟ್ಟು ಈ ಸಲ ಕಂಪನಿ ಹೆಸರಿಲ್ಲದ ಮಾತ್ರೆ ಅಗ್ಗಕ್ಕೆ ಸಿಗುವ ಜನೌಷಧಿ ಕೇಂದ್ರಕ್ಕೆ ಹೋಗುತ್ತೇನೆ ಎಂದೊಡನೆ ಅವರು ಮಲಗಿದ್ದಲ್ಲಿಂದಲೇ ತಡೆದರು. "ಡೋಲೋನೇ ತಗೊಂಡು ಬಾರಪ್ಪ, ಅಗ್ಗದ ಗುಳಿಗೆ ನನ್ನ ಮೈಗೆ ಹಿಡಿಯಲ್ಲ."

ಅವರ ಅನುಮಾನ ನಮ್ಮೂರಿನ ಅನೇಕ ಹಿರಿಯರದು. ಆದರೆ ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಂಬ ಹೆಸರುಗಳ ಹಿಂದೆ ಇರುವ ಔಷಧ ಒಂದೇ, ಪ್ಯಾರಾಸಿಟಮಾಲ್. ಯಾರು ತಯಾರಿಸಿದರೂ ಅದರ ಪ್ರಮಾಣ, ಶುದ್ಧತೆ, ನೀರಿನಲ್ಲಿ ಕರಗುವ ರೀತಿ ಭಾರತೀಯ ಔಷಧ ಸಂಹಿತೆಯ (ಇಂಡಿಯನ್ ಫಾರ್ಮಕೋಪಿಯ) ಮಟ್ಟಕ್ಕೆ ಇರಬೇಕು. ಔಷಧದ ಹೆಸರಿನ ಕೊನೆಯಲ್ಲಿರುವ 'ಐಪಿ' ಎಂಬ ಎರಡಕ್ಷರ ಸೂಚಿಸುವುದು ಅದನ್ನೇ. ಬೇರೆಯಾಗಬಹುದಾದದ್ದು ಬಣ್ಣ, ಆಕಾರ, ಹೊರಲೇಪ ಮತ್ತು ಪುಡಿಯನ್ನು ಕಟ್ಟಿ ಹಿಡಿಯುವ ಅಂಟು ಮಾತ್ರ. ಇನ್ನು ಉಳಿತಾಯದ ವಿಷಯ ಹೇಳುವುದಾದರೆ, ಬರಿಯ ಪ್ಯಾರಾಸಿಟಮಾಲ್‌ಗೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿರುವುದರಿಂದ ಹೆಸರಾಂತ ಮಾತ್ರೆಯೂ ದುಬಾರಿಯೇನಲ್ಲ. ಜೇಬಿಗೆ ಭಾರವಾಗುವುದು ದಿನವೂ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ.

ನನಗೆ ನಿಜವಾಗಿ ದಿಗಿಲಾದದ್ದು ಬೆಲೆಯಿಂದಲ್ಲ. ಹೊರಡುವ ಮುನ್ನ ಏನೇನು ಇದೆ ನೋಡೋಣವೆಂದು ಅವರ ಮಾತ್ರೆ ಡಬ್ಬಿ ತೆರೆದೆ. ಜ್ವರಕ್ಕೆಂದು 650 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಮೂರು. ನೆಗಡಿಗೆಂದು ಪಕ್ಕದ ಮನೆಯವರು ಕೊಟ್ಟದ್ದು, ಅದೂ ಮೂರು ಹೊತ್ತು. ಮಂಡಿನೋವಿಗೆಂದು ಹಳೆಯ ಚೀಟಿಯಲ್ಲಿ ಬರೆದಿದ್ದ ಮಾತ್ರೆ, ಎರಡು ಹೊತ್ತು. ಪಟ್ಟಿಗಳನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದಾಗ ನೆಗಡಿ ಮಾತ್ರೆಯಲ್ಲಿ 500, ಮಂಡಿನೋವಿನದರಲ್ಲಿ ಅಸಿಕ್ಲೋಫೆನಾಕ್ ಎಂಬ ನೋವುನಿವಾರಕದ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. ಕೂಡಿದರೆ ದಿನಕ್ಕೆ 4,100 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೇ 4,000 ಮಿಲಿಗ್ರಾಂ ಮಿತಿ. ಅದನ್ನು ಮೀರಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಹೆಸರು ಮೂರು, ಬಣ್ಣ ಮೂರು, ಆದ್ದರಿಂದ ಔಷಧವೂ ಮೂರು ಎಂದೇ ದೊಡ್ಡಮ್ಮ ತಿಳಿದಿದ್ದರು. ಒಂಟಿ ಔಷಧದ ಮಾತ್ರೆಗಳಲ್ಲಿ ಔಷಧದ ಹೆಸರು ಕಂಪನಿ ಇಟ್ಟ ಹೆಸರಿಗಿಂತ ದೊಡ್ಡದಾಗಿರಬೇಕೆಂಬ ನಿಯಮ 2018ರಲ್ಲಿ ಬಂದಿದೆಯಾದರೂ ಕನ್ನಡ ಮಾತ್ರ ಓದಬಲ್ಲವರಿಗೆ ಆ ಇಂಗ್ಲಿಷ್ ಅಕ್ಷರಗಳು ಎಷ್ಟು ದೊಡ್ಡದಿದ್ದರೇನು?

ಜನೌಷಧಿ ಕೇಂದ್ರದ ಹುಡುಗಿ ಮೂರೂ ಪಟ್ಟಿಗಳನ್ನು ನೋಡಿ, ಕೆಂಪು ಗೆರೆಯಿರುವ ಮಂಡಿನೋವಿನ ಮಾತ್ರೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. "ಇದನ್ನ ಡಾಕ್ಟರ್ ಹೊಸ ಚೀಟಿ ಇಲ್ದೆ ಕೊಡಲ್ಲ ಸಾರ್. ಅಜ್ಜಿಗೆ ಬಿ.ಪಿ. ಇದೆಯಾ?" ಇದೆ ಎಂದೆ. ಇಂಥ ನೋವಿನ ಮಾತ್ರೆ ರಕ್ತದೊತ್ತಡ ಏರಿಸಬಹುದು, ಮೂತ್ರಪಿಂಡಕ್ಕೂ ಹೊರೆ, ಮೊದಲು ಡಾಕ್ಟರನ್ನು ಕೇಳಿ ಎಂದಳು. ಪ್ಯಾರಾಸಿಟಮಾಲ್ ಪಟ್ಟಿಯೊಂದನ್ನು ಮಾತ್ರ ಕೊಟ್ಟಳು.

ಮರುದಿನ ಡಾಕ್ಟರು ನೆಗಡಿ ಮಾತ್ರೆಯನ್ನೂ ಮಂಡಿನೋವಿನದನ್ನೂ ನಿಲ್ಲಿಸಿ, ಜ್ವರದ ಮಾತ್ರೆಯೊಂದನ್ನೇ ಉಳಿಸಿದರು. ಲೇಪವಿಲ್ಲದ ಆ ಬಿಳಿ ಮಾತ್ರೆ ಕಹಿ ಎಂಬ ದೊಡ್ಡಮ್ಮನ ದೂರು ಮಾತ್ರ ನಿಜವೇ ಆಗಿತ್ತು. ಜ್ವರ ಬಿಟ್ಟದ್ದು ಅದರಿಂದಲೇ ಎಂಬುದನ್ನು ಅವರು ಇವತ್ತಿಗೂ ಒಪ್ಪಿಲ್ಲ.