ಗೋಸಾಯಿಕುಂಡದ ನೂಲ ಹುಣ್ಣಿಮೆ

ನಮ್ಮಲ್ಲಿ ಜನಿವಾರ ಬದಲಿಸುವ ನೂಲ ಹುಣ್ಣಿಮೆಯನ್ನೇ ನೇಪಾಳದವರು ‘ಜನೈ ಪೂರ್ಣಿಮಾ’ ಎಂದು ಆಚರಿಸುತ್ತಾರೆ. ಆ ದಿನ ಸಾವಿರಾರು ಯಾತ್ರಿಕರು ರಸುವಾ ಜಿಲ್ಲೆಯಲ್ಲಿ 4,380 ಮೀಟರ್ ಎತ್ತರದಲ್ಲಿರುವ ಗೋಸಾಯಿಕುಂಡಕ್ಕೆ ನಡೆದು ಹೋಗಿ ಮೀಯುತ್ತಾರೆ. ಹಾಲಾಹಲ ಕುಡಿದ ಶಿವನು ಕಂಠದ ಉರಿ ತಾಳಲಾರದೆ ಇಲ್ಲಿಗೆ ಬಂದು, ತ್ರಿಶೂಲದಿಂದ ಬೆಟ್ಟವನ್ನು ತಿವಿದು ನೀರು ಚಿಮ್ಮಿಸಿ, ಆ ತಣ್ಣೀರಿನಲ್ಲಿ ಮಲಗಿದನೆಂಬುದು ಸ್ಥಳಪುರಾಣ. ಕೊಳದ ನಡುವಿನ ಬಂಡೆಯನ್ನು ತೋರಿಸಿ, ಮಲಗಿರುವ ಶಿವ ಅವನೇ ಎನ್ನುತ್ತಾರೆ.

ಧುಂಚೆಯಿಂದ ನಡಿಗೆ ಹಿಡಿದ ನಾವು ಚಂದನಬಾರಿಯಲ್ಲಿ ಒಂದು ರಾತ್ರಿ, ಲೌರಿಬಿನಾದಲ್ಲಿ ಇನ್ನೊಂದು ರಾತ್ರಿ ತಂಗಿದೆವು. ಹೀಗೆ ತಂಗದೆ ಒಂದೇ ಉಸಿರಿಗೆ ಏರಿದವರಿಗೆ ತಲೆನೋವು, ವಾಂತಿ ಬರುವುದುಂಟು. ಅದಕ್ಕೆ ಅಲ್ಲಿಯ ಮಾತು ‘ಲೇಕ್ ಲಾಗ್ಯೋ’, ಅಂದರೆ ಎತ್ತರದ ಬಾಧೆ ತಗುಲಿತು ಎಂದು. ದಾರಿಯಲ್ಲಿ ಹಾಗೆ ಬಳಲಿದ ಒಬ್ಬ ಅಜ್ಜನನ್ನು ಮೊಮ್ಮಕ್ಕಳಿಬ್ಬರು ಹೆಗಲು ಕೊಟ್ಟು ಕೆಳಗಿಳಿಸುತ್ತಿದ್ದರು. ಹರಕೆ ಎಷ್ಟೇ ದೊಡ್ಡದಾಗಿದ್ದರೂ ಲೇಕ್ ಹಿಡಿದವರು ಮೇಲಕ್ಕೆ ಹೋಗದೆ ಇಳಿದುಬಿಡುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಣ್ಣಿಮೆಯ ಹಿಂದಿನ ಸಂಜೆ ಮಂಜು ಸರಿದಾಗ ಕೊಳ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ರಾತ್ರಿಯಿಡೀ ಡೋಲಿನ ಸದ್ದು. ನವಿಲುಗರಿಯ ಕಿರೀಟ, ಬಿಳಿಯ ನಿಲುವಂಗಿ, ಎದೆಗೆ ಅಡ್ಡಲಾಗಿ ರುದ್ರಾಕ್ಷಿ ಹಾಗೂ ಗಂಟೆಗಳ ಸರ ಧರಿಸಿದ ಝಾಂಕ್ರಿಗಳೆಂಬ ಮಾಂತ್ರಿಕರು, ಬಾಗಿದ ಬೆತ್ತದ ಕೋಲಿನಿಂದ ಢ್ಯಾಂಗ್ರೊ ಎಂಬ ಡೋಲು ಬಾರಿಸುತ್ತ ಕುಣಿಯುತ್ತಿದ್ದರು. ಅವರಲ್ಲಿ ಬೌದ್ಧಧರ್ಮವನ್ನು ಅನುಸರಿಸುವ ತಮಾಂಗರೂ ಇದ್ದರು. ಅವರ ಕುಣಿತದ ಪಕ್ಕದಲ್ಲೇ ಭಕ್ತರು ಶಿವನಿಗೆ ದೀಪ ಹಚ್ಚುತ್ತಿದ್ದರು. ತುಸು ಆಚೆಗೆ ಮಂತ್ರ ಬರೆದ ಪತಾಕೆಗಳು ಗಾಳಿಗೆ ಹಾರುತ್ತಿದ್ದವು. ಕೊಳ ಯಾರದೆಂಬ ಪ್ರಶ್ನೆ ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಮತ್ತು ಆ ರಾತ್ರಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ.

ಬೆಳಗ್ಗೆ ಮುಳುಗು ಹಾಕಿದಾಗ ಚಳಿಗೆ ಉಸಿರೇ ಹಿಡಿದಂತಾಯಿತು. ದಡದಲ್ಲಿದ್ದ ಪುರೋಹಿತರು ನನ್ನ ಬಲಗೈ ಮಣಿಕಟ್ಟಿಗೆ ಹಳದಿ ದಾರ ಕಟ್ಟಿ, ಲಕ್ಷ್ಮೀಪೂಜೆಯವರೆಗೂ ಅದನ್ನು ತೆಗೆಯಬಾರದು, ಆಮೇಲೆ ಹಸುವಿನ ಬಾಲಕ್ಕೆ ಕಟ್ಟಬೇಕು, ಸತ್ತ ಮೇಲೆ ವೈತರಣಿಯನ್ನು ದಾಟಿಸುವವಳು ಅವಳೇ ಎಂದು ಹೇಳಿದರು. ಊರಿಗೆ ಮರಳಿದ ಮೇಲೆ ದೀಪಾವಳಿಯ ದಿನ, ಬಣ್ಣ ಮಾಸಿ ಬೆಳ್ಳಗಾಗಿದ್ದ ಆ ದಾರವನ್ನು ಬಿಚ್ಚಿ ನಮ್ಮ ಕೊಟ್ಟಿಗೆಯ ಹಸುವಿನ ಬಾಲಕ್ಕೆ ಕಟ್ಟಿದೆ.