ಗೆದ್ದದ್ದು ಯಾರು ಅಂತ ಕೇಳಬೇಡಿ

"ಅಲ್ಲ, ಬೆಳಗ್ಗಿನಿಂದ ಕೂತು ಆಡಿದಿರಲ್ಲ, ಗೆದ್ದದ್ದು ಯಾರು?"

ಯಾರೂ ಇಲ್ಲ. ಇದೇ ಉತ್ತರ. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ.

ಯಾವ ಆಟದ ಬಗ್ಗೆ ಮಾತು ಅಂತ ತಿಳಿಯದವರಿಗೆ ಸ್ವಲ್ಪ ಹೇಳುತ್ತೇನೆ. ರಜೆ ಸಿಕ್ಕಿದಾಗ ನಾನು ಗೆಳೆಯರನ್ನು ಕಾಸರಗೋಡು ಕಡೆಯ ನೀರ್ಚಾಲಿನ ನಮ್ಮ ಮನೆಗೆ ಕರೆಯುತ್ತೇನೆ. ಚಾವಡಿಯಲ್ಲಿ ಚಾಪೆ ಹಾಸಿ ಬೆಳಗ್ಗಿನಿಂದ ಕತ್ತಲಾಗುವವರೆಗೆ ರೋಲ್ ಪ್ಲೇಯಿಂಗ್ ಗೇಮ್ ಆಡುತ್ತೇವೆ. ಕಂಪ್ಯೂಟರಿನದ್ದಲ್ಲ, ಎದುರೆದುರು ಕೂತು ಆಡುವಂಥದ್ದು. ಕಥೆ ನಡೆಸುವವಳು ನಾನು. ಉಳಿದವರಿಗೆ ಒಂದೊಂದು ಪಾತ್ರ. ಎದುರಿಗೆ ಏನಿದೆ ಅಂತ ನಾನು ಹೇಳುತ್ತೇನೆ, ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಅವರು ಹೇಳುತ್ತಾರೆ. ಮಾಡಹೊರಟದ್ದು ಆಗುತ್ತದೋ ಇಲ್ಲವೋ ಅಂತ ಅನುಮಾನ ಬಂದರೆ ದಾಳ ಹಾಕುತ್ತೇವೆ. ದುಡ್ಡು ಕಟ್ಟುವುದಿಲ್ಲ. ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ದಾಳ ಕಂಡ ಕೂಡಲೇ ನೆರೆಮನೆಯವರಿಗೆ ಧರ್ಮರಾಯನ ನೆನಪಾಗುತ್ತದೆ. "ಪೈಸೆ ಇಟ್ಟು ಆಡುವುದಾ?" ಅಂತ ಮೆಲ್ಲ ಕೇಳಿದವರಿದ್ದಾರೆ. ಅವರಿಗೆ ನನ್ನ ಸಂಬಳ ಎಷ್ಟು ಅಂತ ಗೊತ್ತಿಲ್ಲ, ಪಾಪ.

ಗೆಲುವಿನ ಪ್ರಶ್ನೆಗೂ ಒಂದು ಮೂಲ ಇದೆ ಅನ್ನಿ. ಈ ಜಾತಿಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಸೇರಿ ಮಾಡಿದ್ದು. ಇಬ್ಬರೂ ಅದಕ್ಕೆ ಮೊದಲು ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆ ಇಟ್ಟು ಯುದ್ಧದಾಟ ಆಡುತ್ತಿದ್ದವರು. ಅಲ್ಲಿ ಸೋಲು ಗೆಲುವು ಇತ್ತು. ಒಂದು ಇಡೀ ಸೈನ್ಯ ನಡೆಸುವ ಬದಲು ಒಬ್ಬೊಬ್ಬರು ಒಬ್ಬನೇ ಮನುಷ್ಯನನ್ನು ನಡೆಸಲಿ, ಎಲ್ಲರೂ ಒಂದೇ ಕಡೆ ಇರಲಿ ಅಂತ ಆದಾಗ ಸೋಲಿಸಲಿಕ್ಕೆ ಎದುರಾಳಿಯೇ ಉಳಿಯಲಿಲ್ಲ. ನಾನು ಎದುರಾಳಿ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ನನಗೆ ಗೆಲ್ಲಬೇಕು ಅಂತಿದ್ದರೆ "ಗುಡ್ಡ ಜರಿದು ನೀವೆಲ್ಲ ಸತ್ತಿರಿ" ಅಂತ ಒಂದೇ ಮಾತು ಹೇಳಿ ಒಂಬತ್ತು ಗಂಟೆಗೇ ಮುಗಿಸಬಹುದು. ಹಾಗೆ ಮಾಡಿದರೆ ಮುಂದಿನ ಸಲ ಬನ್ಸ್ ತಿನ್ನಲಿಕ್ಕೂ ಯಾರೂ ಬರುವುದಿಲ್ಲ.

ಈ ಪ್ರಶ್ನೆ ಕೇಳಿ ನನಗೆ ನಿಜವಾಗಿ ಸಿಟ್ಟು ಬಂದದ್ದು ಸುರಂಗದ ಕಥೆ ಆಡಿದ ದಿನ.

ಇಂಗ್ಲಿಷ್ ಪುಸ್ತಕದಲ್ಲಿರುವ ಕತ್ತಲೆ ನೆಲಮಾಳಿಗೆ ನಮಗೆ ಯಾಕೆ, ನಮ್ಮಲ್ಲೇ ಸುರಂಗಗಳಿವೆಯಲ್ಲ ಅಂತ ಹೊಳೆದಿತ್ತು. ಬಾಯಾರು, ಎಣ್ಮಕಜೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ನೀರಿನ ಸುರಂಗಗಳು ಎಷ್ಟೋ ಇವೆ. ಮುರಕಲ್ಲು ಕಡಿದು ಒಬ್ಬ ಮನುಷ್ಯ ಹೋಗಿಬರುವಷ್ಟು ಅಗಲ ಮಾಡಿದ್ದು. ಪಂಪು ಬೇಡ, ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಕಥೆ ಸರಳ. ಒಂದು ಊರಿನ ಸುರಂಗದ ನೀರು ಒಮ್ಮೆಗೇ ನಿಂತಿದೆ, ಒಳಗೆ ಏನೋ ಸೇರಿಕೊಂಡಿದೆ, ಇವರು ಹೋಗಿ ನೋಡಬೇಕು.

ಆ 'ಏನೋ' ಯಾವುದು ಅಂತ ನಿರ್ಧರಿಸುವುದರಲ್ಲಿ ನನ್ನ ತಲೆ ಹಾಳಾಯಿತು. ಹಾವು ಇಡೋಣ ಅಂದರೆ ನಾಗ. ಮೊಸಳೆ ಇಡೋಣ ಅಂದರೆ ಎಲ್ಲರಿಗೂ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ, ಅದು 2022ರಲ್ಲಿ ತೀರಿಕೊಂಡದ್ದಕ್ಕೆ ಅತ್ತವರೇ ನಮ್ಮ ಮನೆಯಲ್ಲಿದ್ದಾರೆ. ಹಂದಿ ಅಂದರೆ ಪಂಜುರ್ಲಿ ದೈವ. ಈ ಊರಲ್ಲಿ ಯಾವ ಪ್ರಾಣಿಯ ಮೇಲೆ ಕತ್ತಿ ಎತ್ತಿದರೂ ಅಮ್ಮ ಅಡುಗೆಮನೆಯಿಂದ "ಅದೆಲ್ಲ ಬೇಡ" ಅನ್ನುತ್ತಾರೆ. ಕೊನೆಗೆ ಬಾವಲಿ ಆಯಿತು. ಎಮ್ಮೆ ಗಾತ್ರದ ಬಾವಲಿ. ಯಾರ ತಕರಾರೂ ಬರಲಿಲ್ಲ.

ಸುರಂಗದ ನಕ್ಷೆ ಬರೆದೆ. ಪಾತ್ರಗಳ ಹಾಳೆಯನ್ನೂ ನಾನೇ ತುಂಬಿಸಿಟ್ಟೆ. ಹೊಸಬರಿಗೆ ಆ ಕೆಲಸ ಬಿಟ್ಟರೆ ಹೆಸರು ಇಡುವುದರಲ್ಲೇ ಮಧ್ಯಾಹ್ನ ಆಗುತ್ತದೆ. ಬಂದವರು ನಾಲ್ಕು ಜನ. ಉಪ್ಪಳದ ಔಷಧ ಅಂಗಡಿಯವನು ಮಂತ್ರವಾದಿ, ಹೊಸದುರ್ಗದ ಮೇಷ್ಟ್ರು ಕತ್ತಿ ಹಿಡಿದವರು, ಚಿಕ್ಕಪ್ಪನ ಮಗ ಬಿಲ್ಲುಗಾರ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಯಾವಾಗಲೂ ಕಳ್ಳಿ. ಯಾಕೆ ಅಂತ ನಾವು ಕೇಳುವುದಿಲ್ಲ.

ನೀರು ನಿಂತ ಸುದ್ದಿ ಹೇಳಿದೆ. ಇವರು ಪಂಜು ಹಚ್ಚಿ ಒಳಗೆ ನುಗ್ಗುತ್ತಾರೆ ಅಂತ ನನ್ನ ಲೆಕ್ಕ. ಕಳ್ಳಿ ಬಾಯಿಗೆ ಹಪ್ಪಳ ಹಾಕಿಕೊಂಡು ಕೇಳಿದಳು, "ಈ ಸುರಂಗ ತೋಡಿದವರು ಯಾರು? ಈಗ ಇದ್ದಾರಾ?"

ನನ್ನ ಹಾಳೆಗಳಲ್ಲಿ ಅಂಥವರು ಯಾರೂ ಇರಲಿಲ್ಲ. "ಇದ್ದಾರೆ" ಅಂದೆ. ಅಲ್ಲಿಗೆ ಒಬ್ಬ ಮುದುಕ ಹುಟ್ಟಿದ. ಅವನ ಸ್ವರ ನಾನೇ ಮಾಡಬೇಕು. ಕಿವಿ ಕೇಳದವನು ಅಂತ ಮಾಡಿದೆ, ಯೋಚಿಸಲಿಕ್ಕೆ ಸ್ವಲ್ಪ ಹೊತ್ತು ಸಿಗಲಿ ಅಂತ. ಇವರು ಅವನಿಗೆ ಎಲೆ ಅಡಿಕೆ ಕೊಟ್ಟು, ಜಗಳ ಮಾಡಿ, ಕೊನೆಗೆ ಅವನ ಹಟ್ಟಿಯ ಮಾಡು ರಿಪೇರಿ ಮಾಡಿಕೊಡುತ್ತೇವೆ ಅಂತ ಒಪ್ಪಿಕೊಂಡರು. ಗುಡ್ಡದ ಮೇಲಿನಿಂದ ಗಾಳಿಗೆ ಅಂತ ಕೊರೆದ ಒಂದು ಕಿಂಡಿ ಇದೆ ಅಂತ ಅವನು ಹೇಳಿದ. ಅದೂ ಆಗಲೇ ಹುಟ್ಟಿದ್ದು. ಊಟದ ಹೊತ್ತಿಗೆ ಇವರು ಸುರಂಗದ ಬಾಯಿಯನ್ನೇ ನೋಡಿರಲಿಲ್ಲ.

ಊಟ ಆದ ಮೇಲೆ ಕಳ್ಳಿಯನ್ನು ಹಗ್ಗ ಕಟ್ಟಿ ಕಿಂಡಿಯಿಂದ ಇಳಿಸಿದರು. ಸದ್ದಾಗದ ಹಾಗೆ ಇಳಿಯಬೇಕು. ಕಷ್ಟ 15 ಅಂತ ಇಟ್ಟೆ, ಮೊತ್ತ ಅಷ್ಟಾದರೂ ಆಗಬೇಕು. ಇಪ್ಪತ್ತು ಮುಖದ ದಾಳ ಹಾಕಿ ಬಂದದ್ದಕ್ಕೆ ಅವಳ ಪಾತ್ರದ ಹಾಳೆಯಲ್ಲಿರುವ ಕೈಚಳಕದ ಅಂಕ 3 ಕೂಡಿಸುವುದು. ಅಂದರೆ ದಾಳದಲ್ಲಿ 12 ಅಥವಾ ಜಾಸ್ತಿ ಬೀಳಬೇಕು. ಇಪ್ಪತ್ತು ಮುಖಗಳಲ್ಲಿ ಒಂಬತ್ತು ಅವಳ ಕಡೆ, ನೂರಕ್ಕೆ ನಲವತ್ತೈದು. ನಾವು ದಾಳ ಹಾಕುವುದು ಗೆರಸೆಯಲ್ಲಿ, ಅಂದರೆ ಮೊರದಲ್ಲಿ. ನೆಲಕ್ಕೆ ಹಾಕಿದರೆ ಕಪಾಟಿನ ಅಡಿಗೆ ಹೋಗುತ್ತದೆ, ಮತ್ತೆ ಪೊರಕೆ ಹಿಡಿದು ಹುಡುಕುವುದು ನಾನೇ. ಗೆರಸೆಯದ್ದು ಒಂದೇ ತೊಂದರೆ, ಹೆಣಿಗೆಯ ಸಂದಿಯಲ್ಲಿ ದಾಳ ಓರೆಯಾಗಿ ನಿಲ್ಲುತ್ತದೆ. ಅವತ್ತೂ ನಿಂತಿತು, 19ಕ್ಕೂ 1ಕ್ಕೂ ನಡುವೆ. ಆ ಎರಡು ಮುಖ ಪಕ್ಕಪಕ್ಕದಲ್ಲೇ ಇರುವುದು. ಇವಳು ಹತ್ತೊಂಬತ್ತು ಅಂದಳು, ಮೇಷ್ಟ್ರು ಬಗ್ಗಿ ನೋಡಿ ಒಂದು ಅಂದರು. ಓರೆ ನಿಂತರೆ ಇನ್ನೊಮ್ಮೆ ಹಾಕುವುದು ನಮ್ಮ ಕಾನೂನು. ಹಾಕಿದಳು. ನಾಲ್ಕು. ಹಗ್ಗ ಜಾರಿತು, ದಡಾರನೆ ಬಿದ್ದಳು, ಬಾವಲಿ ಕಣ್ಣು ಬಿಟ್ಟಿತು.

ಆಗ ಮಾವ ಚಹಾಕ್ಕೆ ಬಂದರು. ಸಣ್ಣ ಪ್ರಾಯದಲ್ಲಿ ಸುರಂಗದ ಒಳಗೆ ಮಣ್ಣು ಹೊತ್ತವರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿದರು.

"ಅವಳ ಕೈಯಲ್ಲಿ ದೀಪ ಉಂಟಾ?"

"ಉಂಟು ಮಾವ."

"ಉರಿಯುತ್ತಾ ಉಂಟಾ?"

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಹೇಗೆ ಗೊತ್ತಿರಬೇಕು?

"ದೀಪ ಆರಿದರೆ ಒಳಗೆ ನಿಲ್ಲಲಿಕ್ಕಿಲ್ಲ. ಗಾಳಿ ಇಲ್ಲ ಅಂತ ಲೆಕ್ಕ," ಅಂತ ಅವರು ಚಾಪೆಯ ಮೂಲೆಯಲ್ಲಿ ಕೂತರು. "ಮತ್ತೆ, ಬಾವಲಿ ಎಲ್ಲಿಯಾದರೂ ನೀರು ನಿಲ್ಲಿಸುತ್ತದಾ? ಒಳಗೆ ಮಣ್ಣು ಜರಿದಿರಬೇಕು."

ವಾರಗಟ್ಟಲೆ ಕೂತು ಮಾಡಿದ ಕಥೆ ಒಂದು ಮಾತಿಗೆ ಮಗುಚಿತು. ಆದರೆ ಅವರು ಹೇಳಿದ್ದು ನನ್ನದಕ್ಕಿಂತ ಲಾಯ್ಕಿತ್ತು. ಹೌದು, ಮಣ್ಣೇ ಜರಿದದ್ದು ಅಂತ ಅಲ್ಲಿಯೇ ಮಾಡಿದೆ. ಬಾವಲಿಯೂ ಆ ಕಡೆ ಸಿಕ್ಕಿಬಿದ್ದದ್ದು ಅಂತಾಯಿತು. ಮಂತ್ರವಾದಿ ಅದಕ್ಕೆ ದಾರಿ ಮಾಡಿಕೊಟ್ಟ, ಉಳಿದವರು ಮಣ್ಣು ತೆಗೆದರು. ಎಲ್ಲಿ ಮೊದಲು ಅಗೆಯಬೇಕು, ಯಾರು ಹಿಂದೆ ನಿಲ್ಲಬೇಕು ಅಂತ ಮಾವನೇ ಹೇಳಿದ್ದು. ಚಹಾ ತಣಿದು ಕೆನೆ ಕಟ್ಟಿತು, ಅವರು ಮುಟ್ಟಲಿಲ್ಲ. ನೀರು ಬಂದಾಗ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ.

ಮತ್ತೆ ಎದ್ದು, ಮೆಟ್ಟಿಲಲ್ಲಿ ಚಪ್ಪಲಿ ಹಾಕುತ್ತಾ ಕೇಳಿದರು. "ಎಲ್ಲ ಸರಿ. ಗೆದ್ದದ್ದು ಯಾರು ಮಾರಾಯ್ತಿ?"

ಮಾವ, ಆ ದಿನ ಮರ್ಯಾದೆಗೆ ನಕ್ಕು ಸುಮ್ಮನಾದೆ. ಈಗ ಹೇಳುತ್ತೇನೆ. ನೀವು ತಾಳಮದ್ದಳೆ, ಅದೇ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇದ್ದಲ್ಲಿಗೆಲ್ಲ ಹೋಗುವವರು. ವಾಲಿವಧೆ ಕೇಳಿ ಮನೆಗೆ ಬಂದಾಗ ಗೆದ್ದದ್ದು ವಾಲಿಯೋ ರಾಮನೋ ಅಂತ ಅತ್ತೆ ಕೇಳುತ್ತಾರಾ? ಯಾರ ಅರ್ಥ, ಅಂದರೆ ಮಾತುಗಾರಿಕೆ, ಚೆನ್ನಾಗಿತ್ತು ಅಂತ ಕೇಳುತ್ತಾರೆ. ರಾಮ ಮರೆಯಿಂದ ಬಾಣ ಬಿಟ್ಟದ್ದನ್ನು ಹಿಡಿದು ವಾಲಿ ಅವನಿಗೆ ಹೇಗೆ ನೀರು ಕುಡಿಸಿದ, ರಾಮ ಹೇಗೆ ತಪ್ಪಿಸಿಕೊಂಡ ಅಂತ ನೀವು ಮರುದಿನ ಊಟದವರೆಗೆ ಹೇಳುತ್ತೀರಿ. ಬರೆದಿಟ್ಟ ಮಾತಿಲ್ಲ, ವೇಷ ಇಲ್ಲ, ಕೂತಲ್ಲೇ ಎಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ಉರಿಯುವುದು.

ಆದರೆ ಒಂದು ವ್ಯತ್ಯಾಸ ಇದೆ. ಎಷ್ಟೇ ವಾದ ಮಾಡಿದರೂ ವಾಲಿ ಸಾಯಲೇಬೇಕು. ಮುಂದಿನ ಪದ್ಯ ಏನು ಅಂತ ಹಾಡುವ ಭಾಗವತರಿಗೆ ಗೊತ್ತು. ನಮ್ಮ ಚಾವಡಿಯಲ್ಲಿ ಪದ್ಯವೇ ಬರೆದಾಗಿಲ್ಲ. ಹಾಗಾಗಿ ನನ್ನನ್ನು ಏನಾದರೂ ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: "ಮುಂದೆ ಏನಾಗುತ್ತದೆ ಅಂತ ನಿನಗಾದರೂ ಗೊತ್ತಿರುತ್ತದಾ?" ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೆ ಖುಷಿಯಲ್ಲಿ ಎರಡು ಗಂಟೆ ಮಾತಾಡಿಯೇನು.

ಗೊತ್ತಿರುವುದಿಲ್ಲ. ಹಾಗಂತ ತಯಾರಿ ಇಲ್ಲದೆ ಕೂರುವುದೂ ಇಲ್ಲ. ಘಟನೆಗಳನ್ನು ಸಾಲಾಗಿ ಬರೆದಿಟ್ಟರೆ ಕೆಲಸಕ್ಕೆ ಬರುವುದಿಲ್ಲ, ಮೊದಲ ಸಾಲಿನಲ್ಲೇ ಇವರು ದಾರಿ ತಪ್ಪಿಸುತ್ತಾರೆ. ನಾನು ಬರೆದಿಡುವುದು ಯಾರಿಗೆ ಏನು ಬೇಕು, ಏನು ಹೆದರಿಕೆ ಅನ್ನುವುದನ್ನು. ಊರಿನವರಿಗೆ ನೀರು ಬೇಕು, ಬಾವಲಿಗೆ ಕತ್ತಲೆ ಬೇಕು. ಅಷ್ಟಿದ್ದರೆ ಇವರು ಯಾವ ಕಡೆಯಿಂದ ಬಂದರೂ ಉತ್ತರ ಕೊಡಬಹುದು. ಯಾರಿಗೂ ಇಡದ ನಾಲ್ಕೈದು ಹೆಸರುಗಳ ಚೀಟಿಯೂ ಹತ್ತಿರ ಇರುತ್ತದೆ. ಒಮ್ಮೆಗೇ ಹುಟ್ಟಿದ ಮುದುಕನಿಗೆ ಹೆಸರು ಹುಡುಕಲಿಕ್ಕೆ ತಡವರಿಸಿದರೆ ಇವ ಸುಳ್ಳು ಮುದುಕ ಅಂತ ಕಳ್ಳಿ ಕೂಡಲೇ ಹಿಡಿಯುತ್ತಾಳೆ. ಇನ್ನು ದಾಳ. ಅದು ಇರುವುದು ನನ್ನನ್ನೂ ಸೇರಿಸಿ ಯಾರ ಮಾತೂ ಪೂರ್ತಿ ನಡೆಯದ ಹಾಗೆ ನೋಡಿಕೊಳ್ಳಲಿಕ್ಕೆ. ಅವಳಿಗೆ 19 ಬಿದ್ದಿದ್ದರೆ ಸದ್ದಿಲ್ಲದೆ ಇಳಿಯುತ್ತಿದ್ದಳು, ಬಾವಲಿ ಮಲಗಿಯೇ ಇರುತ್ತಿತ್ತು, ಮಾವ ಬರುವಾಗ ನಾವು ಬೇರೆಲ್ಲೋ ಇರುತ್ತಿದ್ದೆವು.

ಆಡಿ ನೋಡಬೇಕು ಅನ್ನುವವರಿಗೆ ಖರ್ಚು ಜಾಸ್ತಿ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂಲ ನಿಯಮಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, 2023ರಿಂದ ಅವನ್ನು ಯಾರು ಬೇಕಾದರೂ ಬಳಸಿ ತಮ್ಮದೇ ಆಟ ಮಾಡಬಹುದಾದ ಲೈಸೆನ್ಸೂ ಇದೆ. ಒಂದು ಸೆಟ್ ದಾಳ, ಪೆನ್ಸಿಲು, ಮಾತಾಡಲಿಕ್ಕೆ ನಾಚದ ಮೂರು ನಾಲ್ಕು ಜನ. ಐದಕ್ಕಿಂತ ಹೆಚ್ಚು ಜನರನ್ನು ಕೂರಿಸಬೇಡಿ, ತಮ್ಮ ಸರದಿ ಬರುವುದರೊಳಗೆ ಮೊಬೈಲ್ ಹೊರಗೆ ಬರುತ್ತದೆ.

ನಮ್ಮಲ್ಲಿ ಮುಂದಿನ ಆಟ ಅಡಿಕೆ ಕೊಯ್ಲು ಮುಗಿದ ಮೇಲೆ. ಒಬ್ಬರಿಗೆ ಜಾಗ ಇದೆ. ಗೋಳಿಬಜೆ ತಿಂದ ಕೈ ಒರೆಸದೆ ದಾಳ ಮುಟ್ಟುವವರು ಬರುವುದು ಬೇಡ.