ಕ್ಯಾರೆಟ್ಟಿಗೆ ಯಾವ ಜಾತಿ?

ನವೆಂಬರ್ ಬಂದರೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ತಂಗಿ ನಮ್ಮ ವಾಟ್ಸಾಪ್ ಗ್ರೂಪಿಗೆ ಜಾಹೀರಾತು ಕಳಿಸಲು ಶುರು ಮಾಡುತ್ತಾಳೆ. ಅಲ್ಲಿ ಕ್ರಿಸ್‌ಮಸ್ ಸೀಸನ್ ಬಂತೆಂದರೆ ಅಂಗಡಿಗಳಿಗೆಲ್ಲ ಟಿವಿಯಲ್ಲಿ ಪೈಪೋಟಿ. ಜಾನ್ ಲೂಯಿಸ್ ಅನ್ನುವ ದೊಡ್ಡ ಅಂಗಡಿ 2007ರಿಂದ ವರ್ಷಕ್ಕೊಂದು ಪುಟ್ಟ ಕಥೆ ಮಾಡಿ ಹಾಕುತ್ತಿದೆ. ಅದಕ್ಕೆ ಜನ ಕಾಯುತ್ತಾರೆ, ಬಂದ ದಿನವೇ ಜಗಳ ಶುರು. ಕೆಲವರು ಅಳು ಬಂತು ಅಂತಾರೆ, ಕೆಲವರು ಹೋದ ವರ್ಷದ್ದೇ ಚೆನ್ನಾಗಿತ್ತು ಅಂತಾರೆ, ಇನ್ನು ಕೆಲವರು ದೂರು ಬರೆಯುತ್ತಾರೆ. ಹೊಸ ಸಿನಿಮಾ ಬಿಡುಗಡೆಯಾದ ಶುಕ್ರವಾರ ನಮ್ಮಲ್ಲಿ ಏನಾಗುತ್ತೋ ಹೆಚ್ಚುಕಡಿಮೆ ಅದೇ.

ನಮ್ಮದು ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಜವಳಿ ಅಂಗಡಿ. ಗಲ್ಲಾದ ಮೇಲೆ ಮಾವನವರು, ಖರೀದಿಗೆ ನಮ್ಮ ಯಜಮಾನರು, ಸೀರೆ ಕೌಂಟರಿಗೆ ನಾನು. ಯುಗಾದಿಗೂ ದೀಪಾವಳಿಗೂ ಊರಿನ ಕೇಬಲ್ ಚಾನೆಲ್ಲಿನಲ್ಲಿ ನಮ್ಮ ಜಾಹೀರಾತೂ ಬರುತ್ತದೆ. ದುಡ್ಡು ಕೊಟ್ಟು ಜಾಹೀರಾತು ಮಾಡಿಸಿದವರು ಬೇರೆಯವರ ಜಾಹೀರಾತನ್ನು ಸುಮ್ನೆ ನೋಡಲು ಆಗಲ್ಲ. ಇದರಲ್ಲಿ ಮಾಲು ಎಲ್ಲಿದೆ, ರೇಟು ಎಲ್ಲಿದೆ ಅಂತ ಕಣ್ಣು ಹುಡುಕುತ್ತಿರುತ್ತದೆ.

ತಂಗಿ ಒಮ್ಮೆ ಜಾನ್ ಲೂಯಿಸ್‌ನ 2011ರ ಜಾಹೀರಾತು ಕಳಿಸಿದ್ದಳು. ಒಬ್ಬ ಹುಡುಗ ಕ್ರಿಸ್‌ಮಸ್ ಯಾವಾಗ ಬರುತ್ತದೆ ಅಂತ ಚಡಪಡಿಸುತ್ತಾನೆ. ತನಗೆ ಬರುವ ಆಟಿಕೆಗಾಗಿ ಇರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಹಬ್ಬದ ಬೆಳಿಗ್ಗೆ ಎದ್ದವನು ತನ್ನ ಉಡುಗೊರೆಗಳನ್ನೆಲ್ಲ ದಾಟಿಕೊಂಡು ಹೋಗಿ, ಅಪ್ಪ ಅಮ್ಮನಿಗೆ ತಾನೇ ಸುತ್ತಿದ ಅಂಕುಡೊಂಕು ಪೊಟ್ಟಣ ತಂದುಕೊಡುತ್ತಾನೆ. ಸಿರುಗುಪ್ಪದಿಂದ ನಮ್ಮಮ್ಮ ಅಳುವ ಮುಖಗಳನ್ನು ಸಾಲಾಗಿ ಹಾಕಿದರು. ಮಾವನವರು ಫೋನನ್ನು ಕಣ್ಣಿನಿಂದ ದೂರ ಹಿಡಿದು ಪೂರ್ತಿ ನೋಡಿ, "ಎಲ್ಲಾ ಚೆನ್ನಾಗೈತಮ್ಮ. ಇವರು ಮಾರೋದು ಏನು?" ಅಂದರು.

ಆ ಪ್ರಶ್ನೆ ಅಲ್ಲಿಯವರಿಗೂ ಬಂದಿದೆ. 2015ರಲ್ಲಿ ಇದೇ ಅಂಗಡಿ ಚಂದ್ರನ ಮೇಲೆ ಒಬ್ಬನೇ ಕೂತ ಮುದುಕನನ್ನು ತೋರಿಸಿತು. ಭೂಮಿಯಿಂದ ಒಂದು ಹುಡುಗಿ ಬಲೂನು ಕಟ್ಟಿ ಅವನಿಗೆ ಟೆಲಿಸ್ಕೋಪ್ ಕಳಿಸುತ್ತಾಳೆ. ವಯಸ್ಸಾದವರಿಗಾಗಿ ಕೆಲಸ ಮಾಡುವ ಏಜ್ ಯುಕೆ ಸಂಸ್ಥೆಯ ಜೊತೆ ಸೇರಿ ಮಾಡಿದ್ದು. ಲಕ್ಷಾಂತರ ಜನ ಕಣ್ಣೊರೆಸಿಕೊಂಡರು. ಅಗ್ಗದ ಸೂಪರ್ ಮಾರ್ಕೆಟ್ ಆಲ್ಡಿ ಮಾತ್ರ ಅದನ್ನೇ ಅಣಕಿಸಿ ತನ್ನದೊಂದು ಜಾಹೀರಾತು ಬಿಟ್ಟು, ನಮ್ಮಲ್ಲಿ ಟೆಲಿಸ್ಕೋಪ್ ಇನ್ನೂ ಕಡಿಮೆ ರೇಟಿಗೆ ಸಿಗುತ್ತದೆ ಅಂತ ತೋರಿಸಿತು. ಮಾವನವರಿಗೆ ತುಂಬಾ ಹಿಡಿಸಿದ್ದು ಅದೇ. "ಇವನು ಅಂಗಡಿಯವನು" ಅಂತ ಸರ್ಟಿಫಿಕೇಟ್ ಕೊಟ್ಟರು. ಮೊದಲಿನ ಜಾಹೀರಾತಿನ ಬಗ್ಗೆ ಅವರ ತಕರಾರು ಬೇರೆ ಇತ್ತು. ಒಂಟಿ ಮುದುಕನಿಗೆ ದೂರದಿಂದ ನೋಡುವ ಸಾಮಾನು ಕೊಟ್ಟರೆ ಹೇಗೆ? ಅವನನ್ನು ಮನೆಗೆ ಕರೆದು ಊಟ ಹಾಕಬೇಕಲ್ವಾ?

ಇಷ್ಟು ವರ್ಷ ಇವನ್ನೆಲ್ಲ ನೋಡಿ ನನಗೆ ಒಂದು ಅನಿಸಿದೆ. ಈ ಅಂಗಡಿಯವರು ಯಾಕೆ ಪದೇ ಪದೇ ಪ್ರಾಣಿಗಳ ಹತ್ತಿರ ಹೋಗುತ್ತಾರೆ? ಜಾನ್ ಲೂಯಿಸ್‌ನದು 2013ರಲ್ಲಿ ಕರಡಿ ಮತ್ತು ಮೊಲ, 2014ರಲ್ಲಿ ಪೆಂಗ್ವಿನ್, 2016ರಲ್ಲಿ ಮಕ್ಕಳು ಜಿಗಿದಾಡುವ ಟ್ರಾಂಪೊಲಿನ್ ಮೇಲೆ ಕುಣಿಯುವ ನಾಯಿ. ಆಲ್ಡಿಯಂತೂ 2016ರಿಂದ ಕೆವಿನ್ ಅನ್ನುವ ಕ್ಯಾರೆಟ್ಟನ್ನೇ ಹೀರೋ ಮಾಡಿಕೊಂಡಿದೆ. ಅದರ ಬೊಂಬೆ ಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಮಕ್ಕಳಿಗೆ ಇಷ್ಟ, ಬೊಂಬೆ ಮಾರಬಹುದು, ಅದೆಲ್ಲ ಸರಿ. ಆದರೆ ಕ್ಯಾರೆಟ್ಟಿಗೆ ಜಾತಿ ಇಲ್ಲ. ಪೆಂಗ್ವಿನ್ ಯಾವ ದೇವರಿಗೆ ಕೈಮುಗಿಯುತ್ತದೆ ಅಂತ ಯಾರೂ ಕೇಳಲ್ಲ. ಅದೇ ಜಾಗದಲ್ಲಿ ಒಂದು ಮನೆ, ಒಂದು ಊಟದ ಮೇಜು, ನಾಲ್ಕು ಜನ ತೋರಿಸಿ ನೋಡಿ. ಮರುಕ್ಷಣ ಪ್ರಶ್ನೆ ಬರುತ್ತದೆ: ಇದು ಯಾರ ಮನೆ?

2017ರಲ್ಲಿ ಟೆಸ್ಕೊ ಅನ್ನುವ ಸೂಪರ್ ಮಾರ್ಕೆಟ್ ತನ್ನ ಜಾಹೀರಾತಿನಲ್ಲಿ ಹಬ್ಬ ಮಾಡುವ ಹತ್ತಾರು ಮನೆಗಳ ನಡುವೆ ಒಂದು ಮುಸ್ಲಿಂ ಕುಟುಂಬವನ್ನೂ ತೋರಿಸಿತು. ಕೆಲವರು ಕೆಂಡವಾದರು. 2020ರಲ್ಲಿ ಅಲ್ಲಿನ ಇನ್ನೊಂದು ಸೂಪರ್ ಮಾರ್ಕೆಟ್ ಸೇನ್ಸ್‌ಬರೀಸ್ ಜಾಹೀರಾತಿನಲ್ಲಿ ಒಬ್ಬ ಅಪ್ಪ ಮಗಳ ಜೊತೆ ಫೋನಿನಲ್ಲಿ ತನ್ನ ಗ್ರೇವಿಯ ಬಗ್ಗೆ ಕೊಚ್ಚಿಕೊಳ್ಳುತ್ತಾನೆ. ಅಷ್ಟೇ ಕಥೆ. ಅವರು ಕಪ್ಪು ಜನ ಅನ್ನುವುದಕ್ಕೇ ಕೆಲವರು ಬಾಯಿಗೆ ಬಂದಂತೆ ಬರೆದರು. ಆಗ ಒಂದು ಒಳ್ಳೆ ಕೆಲಸ ಆಯಿತು. ಅಲ್ಲಿನ ಹಲವು ದೊಡ್ಡ ಅಂಗಡಿಗಳವರು, ಒಬ್ಬರ ಗಿರಾಕಿಯನ್ನು ಒಬ್ಬರು ಕಿತ್ತುಕೊಳ್ಳುವವರೇ, ಚಾನೆಲ್ 4ರಲ್ಲಿ ತಮ್ಮ ಜಾಹೀರಾತುಗಳನ್ನು ಒಂದರ ಹಿಂದೊಂದು ಹಾಕಿಸಿ ಸೇನ್ಸ್‌ಬರೀಸ್ ಪಕ್ಕ ನಿಂತರು. ನಮ್ಮ ರಸ್ತೆಯಲ್ಲಿ ಇದು ಸಾಧ್ಯವಾ ಅಂತ ಯಜಮಾನರನ್ನು ಕೇಳಿದೆ. ನಕ್ಕು ಚಹಾ ತರಿಸಿದರು.

ನಕ್ಕಿದ್ದಕ್ಕೆ ಕಾರಣ ಇದೆ. 2020ರ ಅಕ್ಟೋಬರಿನಲ್ಲಿ ತನಿಷ್ಕ್ ಜಾಹೀರಾತಿಗೆ ಏನಾಯಿತು ನೋಡಿದ್ದೇವಲ್ಲ. ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಅವಳ ಪದ್ಧತಿಯಂತೆ ಸೀಮಂತ ಮಾಡುತ್ತಾಳೆ. ಗಲಾಟೆ ಎದ್ದಿತು. ಸಿಬ್ಬಂದಿ ಮತ್ತು ಅಂಗಡಿಗಳವರ ಕ್ಷೇಮ ಮುಖ್ಯ ಅಂತ ಹೇಳಿ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಜಾಹೀರಾತು ಮಂಡಳಿ ಆಸ್ಕಿ ಅದರಲ್ಲಿ ನಿಯಮ ಮುರಿದದ್ದು ಏನೂ ಇಲ್ಲ ಅಂದಿತ್ತು. ಆದರೂ ತೆಗೆದರು. ಹೇಡಿಗಳು ಅಂತ ಬಹಳ ಜನ ಬೈದರು. ನಾನು ಬೈಯಲಿಲ್ಲ. ಜಾಹೀರಾತು ತಯಾರಾಗುವುದು ಮುಂಬೈಯ ಎಸಿ ರೂಮಿನಲ್ಲಿ. ಗಾಜಿನ ಬಾಗಿಲ ಹಿಂದೆ ನಿಲ್ಲುವವರು ಸಣ್ಣ ಊರಿನ ಸೇಲ್ಸ್ ಹುಡುಗಿಯರು. ಆ ಕಡೆ ನಿಂತು ನೋಡಿದವರಿಗೆ ಗೊತ್ತು.

2019ರ ಹೋಳಿಯ ಗಲಾಟೆ ನೆನಪಾದರೆ ಈಗಲೂ ನಗು ಬರುತ್ತದೆ. ಸರ್ಫ್ ಎಕ್ಸೆಲ್ ಜಾಹೀರಾತಿನಲ್ಲಿ ಒಬ್ಬ ಪುಟ್ಟ ಹುಡುಗಿ ಸೈಕಲ್ ಮೇಲೆ ಬಂದು ಎಲ್ಲರ ಬಣ್ಣವನ್ನೂ ತನ್ನ ಮೈಮೇಲೆ ಹಾಕಿಸಿಕೊಳ್ಳುತ್ತಾಳೆ. ನಮಾಜಿಗೆ ಹೊರಟ ಗೆಳೆಯನ ಬಿಳಿ ಬಟ್ಟೆ ಕೊಳೆಯಾಗಬಾರದು ಅಂತ. ಸಿಟ್ಟಾದವರಲ್ಲಿ ಕೆಲವರು ಹೋಗಿ ಮೈಕ್ರೋಸಾಫ್ಟ್ ಎಕ್ಸೆಲ್ ಆ್ಯಪಿಗೆ ಒಂದೊಂದು ಸ್ಟಾರ್ ಕೊಟ್ಟು ಬಂದರು. ನಮ್ಮ ಲೆಕ್ಕಿಗರು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು.

ಹಾಗಂತ ದೂರು ಕೊಡುವವರೆಲ್ಲ ದಡ್ಡರು ಅಂತ ನಾನು ಹೇಳಲ್ಲ. ಸೇನ್ಸ್‌ಬರೀಸ್ 2014ರಲ್ಲಿ ಮೊದಲ ಮಹಾಯುದ್ಧದ ಕಂದಕ ತೋರಿಸಿತು. 1914ರ ಕ್ರಿಸ್‌ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಬಂದೂಕು ಕೆಳಗಿಟ್ಟು ಒಟ್ಟಿಗೆ ಸೇರಿದ ಕಥೆ. ಒಬ್ಬ ಇನ್ನೊಬ್ಬನ ಕೋಟಿನ ಜೇಬಿನಲ್ಲಿ ಚಾಕೊಲೇಟ್ ಇಡುತ್ತಾನೆ. ಅದೇ ಚಾಕೊಲೇಟ್ ಅಂಗಡಿಯಲ್ಲಿ ಒಂದು ಪೌಂಡಿಗೆ ಸಿಗುತ್ತಿತ್ತು. ಲಾಭವೆಲ್ಲ ಮಾಜಿ ಸೈನಿಕರ ಸಂಸ್ಥೆ ರಾಯಲ್ ಬ್ರಿಟಿಷ್ ಲೀಜನ್‌ಗೆ. ಲೆಕ್ಕ ಸರಿಯೇ ಇದೆ. ತೆಗೆದಿರುವುದೂ ಚೆನ್ನಾಗಿದೆ. ಆದರೂ ನೂರಾರು ಜನ ದೂರು ಕೊಟ್ಟರು, ಸತ್ತವರ ಹೆಸರಲ್ಲಿ ಕಿರಾಣಿ ಮಾರುವುದಾ ಅಂತ. ಅಲ್ಲಿನ ಜಾಹೀರಾತು ಮಂಡಳಿ ಆ ದೂರುಗಳನ್ನು ಒಪ್ಪಲಿಲ್ಲ. ನಾನು ಮಾತ್ರ ದೂರು ಕೊಟ್ಟವರ ಕಡೆ. ಕಂದಕದಲ್ಲಿ ಕೂತವನಿಗೆ ಕೊನೆಯಲ್ಲಿ ಅಂಗಡಿಯ ಬೋರ್ಡು ತೋರಿಸಬಾರದಿತ್ತು.

ನಮ್ಮ ಮನೆಯಲ್ಲಿ ಜಾಸ್ತಿ ಜಗಳ ಆಗಿದ್ದು ಆಸ್ಡಾ ಅನ್ನುವ ಸೂಪರ್ ಮಾರ್ಕೆಟ್ಟಿನ 2012ರ ಜಾಹೀರಾತಿಗೆ. ತಾಯಿಯೊಬ್ಬಳು ಕ್ರಿಸ್‌ಮಸ್ ಗಿಡ ತರುತ್ತಾಳೆ, ಸಾಮಾನು ಹೊರುತ್ತಾಳೆ, ಉಡುಗೊರೆ ಸುತ್ತುತ್ತಾಳೆ, ಅಡುಗೆ ಮಾಡುತ್ತಾಳೆ, ಬಂದವರನ್ನು ನೋಡಿಕೊಳ್ಳುತ್ತಾಳೆ. ಎಲ್ಲ ಮುಗಿದು ಉಸ್ಸಪ್ಪಾ ಅಂತ ಕೂತರೆ ಗಂಡ, ರಾತ್ರಿಗೇನು ಊಟ ಅಂತ ಕೇಳುತ್ತಾನೆ. ಹಬ್ಬದ ಹಿಂದೆ ಅಮ್ಮ, ಅಮ್ಮನ ಹಿಂದೆ ಆಸ್ಡಾ ಅನ್ನುವುದು ಅದರ ಮಾತು. 600ಕ್ಕೂ ಹೆಚ್ಚು ದೂರು ಬಂದವು. ಹೆಂಗಸರನ್ನು ಇನ್ನೂ ಅಡುಗೆಮನೆಗೇ ಕಟ್ಟುತ್ತೀರಾ ಅಂತ ಕೆಲವರು, ನಾವು ಗಂಡಸರು ಏನೂ ಮಾಡಲ್ಲವಾ ಅಂತ ಕೆಲವರು. ಮಂಡಳಿ ತಪ್ಪಿಲ್ಲ ಅಂದಿತು.

ನನ್ನ ಮಗಳು ಮೊದಲ ಗುಂಪಿಗೆ ಸೇರಿದಳು. "ಅದನ್ನ ತಮಾಷೆ ಮಾಡಿ ತೋರಿಸಿದರೆ ಸರಿ ಅಂತಾನೇ ಆಗುತ್ತೆ ಅಮ್ಮ" ಅಂದಳು. ನಮ್ಮತ್ತೆ ಅದನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿ, "ಇದರಾಗ ಸುಳ್ಳು ಏನೈತೆ?" ಅಂದರು. ದೀಪಾವಳಿ ಸೀಸನ್ನಿನಲ್ಲಿ ನಾನು ರಾತ್ರಿ ಹತ್ತರವರೆಗೆ ಕೌಂಟರಿನಲ್ಲಿ ಸೀರೆ ಮಡಚುತ್ತೇನೆ. ಮನೆಗೆ ಬಂದು ಮರುದಿನದ ಹೋಳಿಗೆಗೆ ಹೂರಣ ರುಬ್ಬುತ್ತೇನೆ. ನಮ್ಮತ್ತೆ ನನಗಿಂತ ಹೆಚ್ಚು ಮಾಡಿದವರು. ಅವರ ಕಾಲದಲ್ಲಿ ಅಂಗಡಿ ಮುಚ್ಚಿದ ಮೇಲೆ ಕೆಲಸದ ಹುಡುಗರಿಗೂ ಇವರದೇ ಅಡುಗೆ. ಹಾಗೆ ಮಾಡಿದವರಿಗೆ ಆ ಜಾಹೀರಾತು ಕನ್ನಡಿ, ಹಾಗೆ ಬದುಕಬಾರದು ಅಂತ ಹೊರಟವರಿಗೆ ಅದು ಅಪ್ಪಣೆ. ಇಬ್ಬರೂ ಅದೇ ಸೋಫಾ ಮೇಲೆ ಕೂತು ನೋಡಿದವರು. ಯಾರು ಸರಿ ಅಂತ ನನ್ನನ್ನು ಕೇಳಿದರು. ನಾನು ಮಗಳ ಕಡೆ ಅಂದೆ. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ದೂರು ಎಷ್ಟು ಬಂತು ಅನ್ನುವುದರಿಂದ ಏನೂ ಗೊತ್ತಾಗಲ್ಲ ಅಂತಾನೂ ಅನಿಸಿದೆ. 2021ರಲ್ಲಿ ಟೆಸ್ಕೊ ಸಾಂತಾ ಕ್ಲಾಸ್ ವಿಮಾನ ನಿಲ್ದಾಣದಲ್ಲಿ ಕೋವಿಡ್ ಲಸಿಕೆಯ ದಾಖಲೆ ತೋರಿಸುವ ಹಾಗೆ ಮಾಡಿತು. 5,000ಕ್ಕೂ ಹೆಚ್ಚು ದೂರು. ಮಂಡಳಿ ಒಂದನ್ನೂ ಒಪ್ಪಲಿಲ್ಲ. 2023ರಲ್ಲಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಅನ್ನುವ ಅಂಗಡಿ ಕೆಂಪು, ಹಸಿರು, ಬೆಳ್ಳಿ ಬಣ್ಣದ ಕಾಗದದ ಟೋಪಿಗಳು ಒಲೆಯಲ್ಲಿ ಉರಿಯುವ ಫೋಟೊ ಹಾಕಿತು. ಗಾಜಾ ಯುದ್ಧದ ಸಮಯ. ಜನರಿಗೆ ಅದರಲ್ಲಿ ಪ್ಯಾಲೆಸ್ಟೀನ್ ಬಾವುಟ ಕಂಡಿತು. ಅದನ್ನು ಚಿತ್ರೀಕರಿಸಿದ್ದು ಆಗಸ್ಟಿನಲ್ಲಿ, ಯುದ್ಧಕ್ಕೂ ಮೊದಲು. ಆದರೂ ಕ್ಷಮೆ ಕೇಳಿ ತೆಗೆದರು. ಅಂದರೆ ಕಾಗದದ ಟೋಪಿಯೂ ಕ್ಯಾರೆಟ್ಟಿನಷ್ಟು ಸುರಕ್ಷಿತ ಅಲ್ಲ.

ನಮ್ಮ ಕಥೆಗೆ ಬರುತ್ತೇನೆ. ಒಂದು ದೀಪಾವಳಿಗೆ ಕ್ಯಾಮೆರಾದ ಹುಡುಗ ಬಂದು, "ಅಕ್ಕಾ, ಈ ಸಲ ಎಮೋಷನ್ ಇಡೋಣ" ಅಂದ. ಸೊಸೆ ತನ್ನ ಮೊದಲ ಸಂಬಳದಲ್ಲಿ ಅತ್ತೆಗೆ ಸೀರೆ ತರುವ ಕಥೆ. ಕೇಳಲು ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಅತ್ತೆಯ ಹಣೆಗೆ ಕುಂಕುಮವಾ, ವಿಭೂತಿಯಾ? ತಲೆ ಮೇಲೆ ಸೆರಗು ಬೇಕಾ? ಮಾತು ಕನ್ನಡದಲ್ಲಾ, ತೆಲುಗಿನಲ್ಲಾ? ನಮ್ಮ ಗಿರಾಕಿಗಳಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ. ಕೌಲ್ ಬಜಾರಿನಿಂದ ಬರುವವರು ಉರ್ದು ಆಡುತ್ತಾರೆ, ಮದುವೆ ಜವಳಿಗೆ ಅವರೇ ದೊಡ್ಡ ಗಿರಾಕಿ. ಸೀರೆ ಇಳಕಲ್ ಇಟ್ಟರೆ ಒಂದು ಕಡೆ, ಮೊಳಕಾಲ್ಮೂರು ಇಟ್ಟರೆ ಇನ್ನೊಂದು ಕಡೆ. ಮೂರು ಮನೆ ತೋರಿಸೋಣ ಅಂದ ಮೈದುನ. ಸರ್ಕಾರದ ಜಾಹೀರಾತು ಆಗುತ್ತೆ ಅಂದರು ಯಜಮಾನರು. ಕೊನೆಗೆ ಅತ್ತೆಯೂ ಹೋದರು, ಸೊಸೆಯೂ ಹೋದಳು. ಹೊಸ ಫ್ರಾಕ್ ಹಾಕಿದ ಪುಟ್ಟ ಮಗು ಗಿರಗಿರ ತಿರುಗಿತು, ಕೆನ್ನೆಗೊಂದು ದೃಷ್ಟಿಬೊಟ್ಟು. ಅದನ್ನು ಎಲ್ಲರ ಮನೆಯಲ್ಲೂ ಇಡುತ್ತಾರೆ. ಮಗು ನಮ್ಮ ಕ್ಯಾರೆಟ್.

ಯಾರೂ ಬೈಯಲಿಲ್ಲ. ಹಳೆಯ ಗಿರಾಕಿಯೊಬ್ಬರು ಮಾತ್ರ ಬಂದು, "ಸೀರೆ ಇಡೋದು ಬಿಟ್ರೇನಮ್ಮ? ಬರೀ ಮಕ್ಕಳ ಬಟ್ಟೆನಾ?" ಅಂತ ಕೇಳಿದರು.

ಈಚೆಗೆ ಮೈದುನನಿಗೆ ಎಐ ಹುಚ್ಚು. ಮನುಷ್ಯರೇ ಬೇಡ, ಕಂಪ್ಯೂಟರ್ ಮಾಡುತ್ತೆ ಅಂತ. ಕೋಕಾ ಕೋಲಾದವರು 1995ರ ತಮ್ಮ ಹೆಸರಾಂತ ಕ್ರಿಸ್‌ಮಸ್ ಲಾರಿಗಳ ಜಾಹೀರಾತನ್ನು 2024ರಲ್ಲಿ ಎಐನಿಂದ ಮಾಡಿಸಿ ಬೈಸಿಕೊಂಡರು. ಅದನ್ನು ಮಾವನವರಿಗೆ ತೋರಿಸಿದೆವು. "ಲಾರಿ ಹೋಗುತ್ತೆ, ಗಾಲಿ ಸರಿಯಾಗಿ ತಿರುಗಲ್ಲ" ಅಂದರು. ಸಂಡೂರಿನ ಅದಿರು ಲಾರಿ ನೋಡಿಕೊಂಡೇ ವಯಸ್ಸಾದವರಿಗೆ ಅದು ಗೊತ್ತಾಗಲ್ವಾ? ಅಲ್ಲಿನ ಜನ ಹಿಡಿದ ತಪ್ಪುಗಳಲ್ಲಿ ಅದೂ ಒಂದಂತೆ.

ಇಷ್ಟೆಲ್ಲ ನೋಡುವಾಗ ನಮ್ಮ ಬಿಲ್ಲಿಂಗ್ ಕೌಂಟರಿನ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅವಳು ಕ್ರಿಶ್ಚಿಯನ್. ಬಳ್ಳಾರಿಗೆ ಕ್ರಿಸ್‌ಮಸ್ ಟಿವಿಯಿಂದ ಬಂದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಇಲ್ಲಿಗೆ ಬಂದು, ಇಲ್ಲೇ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದವರು. ರಾಯಚೂರು ಕಡೆ ಮುದಗಲ್ಲಿನ ಚರ್ಚಂತೂ ಇನ್ನೂ ಹಳೆಯದು. ಡಿಸೆಂಬರಿನಲ್ಲಿ ಮನೆಮನೆಗೆ ನಕ್ಷತ್ರ ದೀಪ ಕಟ್ಟುತ್ತಾರೆ, ಯೇಸು ಹುಟ್ಟಿದ ಕೊಟ್ಟಿಗೆ ತೋರಿಸುವ ಗೋದಲಿ ಮಾಡುತ್ತಾರೆ. ಹೊಸ ಬಟ್ಟೆಗೆ ನಮ್ಮಂಥ ಅಂಗಡಿಗಳಿಗೇ ಬರುತ್ತಾರೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವಳಿಗೆ ಸಾಲಾಗಿ ಎಲ್ಲ ತೋರಿಸಿದೆ. ಪೆಂಗ್ವಿನ್ನಿಗೆ ನಕ್ಕಳು. ಚಂದ್ರನ ಮುದುಕನಿಗೆ ಪಾಪ ಅಂದಳು. ಎಲ್ಲ ಮುಗಿದ ಮೇಲೆ, "ಅಕ್ಕಾ, ಇದರಲ್ಲಿ ಯೇಸು ಎಲ್ಲೂ ಬರಲೇ ಇಲ್ಲವಲ್ಲ?" ಅಂದಳು.

ಹೌದು. ನಾಯಿ, ನರಿ, ಕ್ಯಾರೆಟ್, ಲಾರಿ ಎಲ್ಲ ಬಂತು. ಯಾರ ಹುಟ್ಟುಹಬ್ಬವೋ ಅವರನ್ನೇ ಬಿಟ್ಟರು. ಯಾರಿಗೂ ನೋವಾಗದ ಹಾಗೆ ಮಾಡಲು ಹೋದರೆ ಕೊನೆಗೆ ಹಬ್ಬದ ಯಜಮಾನನನ್ನೇ ಹೊರಗೆ ನಿಲ್ಲಿಸಬೇಕಾಗುತ್ತದೇನೋ. ನಾವೂ ದೀಪಾವಳಿಗೆ ಅತ್ತೆ ಸೊಸೆಯನ್ನು ಹೊರಗೆ ಕಳಿಸಿದವರೇ.

ಈ ವರ್ಷ ಡಿಸೆಂಬರಿಗೂ ಒಂದು ಜಾಹೀರಾತು ಹಾಕೋಣ ಅಂತ ಮಾತಾಗಿದೆ. ಮೈದುನ ಸಾಂತಾ ಕ್ಲಾಸ್ ಅಂದ. ನಾನು ಗೋದಲಿ ಇಡೋಣ ಅಂದೆ. ಮಾವನವರು ರೇಟು ಅಂದರು. ಬಿಲ್ಲಿಂಗ್ ಹುಡುಗಿಯನ್ನು ಈ ಸಲ ಮೊದಲೇ ಕೂರಿಸಿಕೊಂಡು ಕೇಳಿದೆವು. ಅವಳು ಸ್ವಲ್ಪ ಯೋಚಿಸಿ, "ಏನು ಬೇಕಾದ್ರೂ ಇಡಿ ಅಕ್ಕಾ, ಆದ್ರೆ ನವೆಂಬರ್ ಕೊನೆಗೇ ಹಾಕಿ" ಅಂದಳು. "ಆಮೇಲೆ ಸೀರೆ ತಗೊಂಡ್ರೆ ಹಬ್ಬಕ್ಕೆ ಯಾವ ಟೈಲರೂ ಬ್ಲೌಸ್ ಹೊಲಿದು ಕೊಡಲ್ಲ."